ಖಾಲಿ ಆಕಾಶದಲ್ಲೂ ಎದ್ದ ಗೆರೆ

ಉಮಾಶ್ರೀ ಗಲಗಲಿಯ ಕುರಿಗಾರರ ಮನೆಯ ಮಗಳು. ಜಮಖಂಡಿಯ ಕಾಲೇಜೊಂದರಲ್ಲಿ ಹನ್ನೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದಳು. ಪಾಠ ಮುಗಿದ ಮೇಲೆ ಅವಳಿಗೆ ಇನ್ನೊಂದು ಕೆಲಸವಿತ್ತು. ಪುಣೆಯ ಆಚೆಗಿರುವ ರೇಡಿಯೋ ದೂರದರ್ಶಕಗಳು ದಾಖಲಿಸಿದ ಸಂಕೇತಗಳನ್ನು ಮನೆಯ ಕಂಪ್ಯೂಟರಿನಲ್ಲಿ ಜಾಲಾಡಿ, ಬಹುದೂರದ ಗ್ಯಾಲಕ್ಸಿಗಳಲ್ಲಿ ತಣ್ಣನೆಯ ಜಲಜನಕವನ್ನು ಹುಡುಕುತ್ತಿದ್ದಳು. ಆ ಜಲಜನಕದ ಅಲೆ ನಮ್ಮನ್ನು ಮುಟ್ಟಲು ನಾನೂರು ಕೋಟಿ ವರ್ಷ ಬೇಕು. ಬಂದರೂ ಒಂದು ಗ್ಯಾಲಕ್ಸಿಯದು ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ಮೂರು ಸಾವಿರ ಗ್ಯಾಲಕ್ಸಿಗಳದನ್ನು ಒಂದರ ಮೇಲೊಂದು ಕೂಡಿಸಿದರೆ ಮಾತ್ರ ಗ್ರಾಫಿನ ಗೆರೆ ನಡುವೆ ಉಬ್ಬೀತು.

ಹುಡುಕಾಟದ ಐದನೆಯ ವರ್ಷ ಗೆರೆ ಉಬ್ಬಿತು. ವಿಭಾಗದ ಮುಖ್ಯಸ್ಥರಾದ ವಾಸುದೇವ ಅವರು ಅದನ್ನು ನೋಡಿ ಕಣ್ಣೊರೆಸಿಕೊಂಡರು, ಊರಿಗೆಲ್ಲ ಹೇಳಿದರು. ಕಾಲೇಜು ಸನ್ಮಾನದ ದಿನ ಗೊತ್ತುಮಾಡಿತು. ತಾಯಿ ಲಗಮವ್ವ ಹಿಂದಿನ ದಿನವೇ ಬಸ್ಸಿಗೆ ಬಂದಿಳಿದಳು.

ಸನ್ಮಾನದ ಬೆಳಿಗ್ಗೆ ಉಮಾಶ್ರೀ ಮುಂದೂಡುತ್ತ ಬಂದಿದ್ದ ಒಂದು ಪರೀಕ್ಷೆ ಮಾಡಿದಳು. ಗ್ಯಾಲಕ್ಸಿಗಳೇ ಇಲ್ಲದ ಮೂರು ಸಾವಿರ ಖಾಲಿ ಜಾಗಗಳನ್ನು ಆರಿಸಿ ಅದೇ ರೀತಿ ಕೂಡಿಸಿದಳು. ಗೆರೆ ಚಪ್ಪಟೆಯಾಗಿ ಬರಬೇಕಿತ್ತು.

ಉಬ್ಬು ಅಲ್ಲಿಯೂ ಇತ್ತು.

ಲೆಕ್ಕವನ್ನು ಮತ್ತೆ ಓಡಿಸಿದಳು. ಮತ್ತೂ ಅದೇ. ವಾಸುದೇವರಿಗೆ ಫೋನ್ ಮಾಡಿದಳು.

"ಸರ್, ಏನೂ ಇಲ್ಲದ ಜಾಗಾದಾಗೂ ಉಬ್ಬು ಬರಾಕತ್ತೈತ್ರಿ."

"ಅಂದ್ರ?"

"ನಾವು ಕಂಡದ್ದು ಜಲಜನಕ ಅಲ್ರಿ. ನನ್ನ ತಪ್ಪು."

ವಾಸುದೇವರು ದನಿ ತಗ್ಗಿಸಿದರು. "ಮಂದಿ ಬಂದು ಕೂತಾರ. ಇವತ್ತೊಂದಿನ ಸುಮ್ನಿರು, ಆಮ್ಯಾಲೆ ನೋಡೂಣ."

ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದ ಲಗಮವ್ವ ಮಗಳ ಮುಖ ಕಂಡು ನಿಂತಳು. "ಯಾಕವಾ, ಮಾರಿ ಹಿಂಗ್ಯಾಕ ಆತು?"

"ಯವ್ವಾ, ನಾ ಎಲ್ಲಾರಿಗೂ ಹೇಳಿದ್ದು ಖರೆ ಅಲ್ಲ."

"ಹಂಗಾರ ಹೋಗಿ ಅದನ್ನ ಹೇಳು. ನಾನೂ ಬರ್ತೇನಿ ನಡಿ."

ವೇದಿಕೆಯಲ್ಲಿ ಅವಳು ನಾಲ್ಕೇ ವಾಕ್ಯ ಆಡಿದಳು. ಹಿಂದೆ ಯಾರೋ ನಕ್ಕರು. ವಾಸುದೇವರು ನೆಲ ನೋಡುತ್ತ ಕುಳಿತಿದ್ದವರು ಎದ್ದು ಹೊರಟೇಬಿಟ್ಟರು.

ತಪ್ಪು ಸಿಕ್ಕಲು ಹನ್ನೊಂದು ದಿನ ಹಿಡಿಯಿತು. ಗೆರೆಯ ಏರಿಳಿತವನ್ನು ಸಮ ಮಾಡುವಾಗ, ಜಲಜನಕ ಅಳಿಸಿಹೋದೀತೆಂದು ಅವಳು ನಡುಭಾಗವನ್ನು ಮುಟ್ಟದೆ ಬಿಟ್ಟಿದ್ದಳು. ಅಕ್ಕಪಕ್ಕ ತಗ್ಗಿ, ಬಿಟ್ಟ ಜಾಗವೇ ಉಬ್ಬಾಗಿ ನಿಂತಿತ್ತು. ತಿದ್ದಿದ ಮೇಲೆ ಗ್ಯಾಲಕ್ಸಿಗಳ ಗೆರೆಯಲ್ಲಿ ಉಳಿದ ಉಬ್ಬು ಇದೆ ಎನ್ನಲೂ ಇಲ್ಲ ಎನ್ನಲೂ ಆಗದಷ್ಟು ಸಣ್ಣದು.

ಹನ್ನೆರಡನೆಯ ದಿನ ವಾಸುದೇವರು ಹೇಳದೆ ಕೇಳದೆ ಅವಳ ಮನೆಗೆ ಬಂದರು. ಕುರ್ಚಿ ಎಳೆದುಕೊಂಡು, "ತೋರಸು" ಎಂದರು. ಖಾಲಿ ಜಾಗಗಳ ಪರೀಕ್ಷೆಯನ್ನು ಜಾಗ ಬದಲಿಸುತ್ತ ತಾವೇ ನೂರು ಸಲ ಓಡಿಸಿದರು. ನೂರು ಸಲವೂ ಗೆರೆ ಚಪ್ಪಟೆ.

ಅವರಿಬ್ಬರ ಪ್ರಬಂಧ ಮುಂದಿನ ವರ್ಷ ಅಚ್ಚಾಯಿತು. ಆ ಗ್ಯಾಲಕ್ಸಿಗಳಲ್ಲಿ ಇಷ್ಟಕ್ಕಿಂತ ಹೆಚ್ಚು ಜಲಜನಕ ಇರಲಾರದು ಎಂದಷ್ಟೇ ಅದರಲ್ಲಿತ್ತು.