ನಾಲ್ಕು ಮನೆಯ ಬೀಗದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ವೀಪದ ಅಂಚಿನ ನಾಲ್ಕು ಮರದ ಬಂಗಲೆಗಳ ಹಿಂದೆ, ಬಾವಿಕಟ್ಟೆಯ ಮೇಲೆ ಬೀಗದಕ್ಕ ಹಾಸಿಗೆ ಬಟ್ಟೆ ಕುಕ್ಕಿ ಒಗೆಯುತ್ತಿದ್ದಾರೆ. ಕಡಲಗಾಳಿ ಏಳುವ ಮೊದಲೇ ಹದಿನಾರು ಬಟ್ಟೆ ಒಗೆದು, ಹಿಂಡಿ, ಹಗ್ಗಕ್ಕೆ ಏರಿಸಬೇಕು.

"ತಡವಾದ್ರೆ ಉಪ್ಪುಗಾಳಿ ಹತ್ತಿ ಬಟ್ಟೆಯೆಲ್ಲ ರಟ್ಟಿನ ಹಾಗೆ ಬಿರುಸಾಗಿಬಿಡ್ತದೆ. ಅದರ ಮೇಲೆ ಮಲಗಿದೋರು ರಾತ್ರಿಯೆಲ್ಲ ನನ್ನೇ ಬೈಕೋತಾರೆ," ಎಂದು ನಗುತ್ತಾರೆ.

ವಯಸ್ಸು ಐವತ್ತೆಂಟು. ಊರಿನ ಸಮಿತಿ ಕಟ್ಟಿಸಿದ ಈ ಅತಿಥಿ ಬಂಗಲೆಗಳ ಬೀಗದ ಕೈಗೊಂಚಲು ಇಪ್ಪತ್ತೆರಡು ವರ್ಷಗಳಿಂದ ಇವರ ಸೊಂಟದಲ್ಲೇ ಇದೆ. ಮಗಳ ಮಾವ, ಅಂದರೆ ಇವರ ಬೀಗರು, ವಾರಕ್ಕೆ ಎರಡು ಸಲ ಅತಿಥಿಗಳನ್ನು ಹೊತ್ತು ತರುವ ದೋಣಿ ನಡೆಸುತ್ತಾರೆ. "ಬೀಗರು ತಂದು ಇಳಿಸ್ತಾರೆ, ಬೀಗ ನಾನು ತೆಗೀತೀನಿ," ಎನ್ನುವುದು ಇವರ ಹಳೇ ಜೋಕು.

ಬಂಗಲೆ ಎಂಬುದು ಹೆಸರಿಗಷ್ಟೇ. ಒಳಗೆ ಎರಡು ಮಂಚ, ಎರಡು ಸೊಳ್ಳೆಪರದೆ, ಒಂದು ನೀರಿನ ಹೂಜಿ. ಮೇಲೆ ಹೆಣೆದ ತೆಂಗಿನ ಗರಿಯ ಸೂರು. ಸಂಜೆ ಎರಡು ಗಂಟೆ ಮಾತ್ರ ಜನರೇಟರ್. ಬೀಗದಕ್ಕ ದಿನಕ್ಕೆ ನಲವತ್ತು ಕೊಡ ನೀರು ಸೇದುತ್ತಾರೆ. ಪರದೆಗಳಲ್ಲಿ ತೂತು ಹುಡುಕಿ ಹೊಲಿಯುತ್ತಾರೆ. ಹಲ್ಲಿ ಕಂಡು ಕಿರುಚುವ ಅತಿಥಿಗಳಿಗೆ ಸಮಾಧಾನವನ್ನೂ ಹೇಳುತ್ತಾರೆ: "ಅದು ನಮ್ಮ ನೌಕರ ಕಣಮ್ಮ. ಸಂಬಳ ಇಲ್ದೆ ಸೊಳ್ಳೆ ಹಿಡೀತದೆ."

ಮೊದಲು ಈ ಕೆಲಸ ಗಂಡನದಾಗಿತ್ತು. ಸೂರಿನಿಂದ ಬಿದ್ದು ಅವರ ಸೊಂಟ ಮುರಿಯಿತು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. "ಒಂದು ತಿಂಗಳ ಮಟ್ಟಿಗೆ ಅಂತ ಕೀ ಇಸ್ಕೊಂಡೆ. ಆ ತಿಂಗಳು ಇನ್ನೂ ಮುಗಿದಿಲ್ಲ," ಎನ್ನುತ್ತಾರೆ. ಚೇತರಿಸಿಕೊಂಡ ಗಂಡನಿಗೀಗ ಅಡುಗೆಮನೆಯ ಉಸ್ತುವಾರಿ. "ಅವರು ಮೀನು ಹುರೀತಾರೆ, ನಾನು ಅವರನ್ನ ಹುರಿದು ಮುಕ್ತೀನಿ." ಒಳಗಿನಿಂದ ಗಂಡನ ಕೆಮ್ಮು ಕೇಳಿಸುತ್ತದೆ.

ನಾಲ್ಕು ವರ್ಷದ ಹಿಂದೆ ಈ ಕೆಲಸವೇ ಕೈಬಿಟ್ಟು ಹೋಗುವುದರಲ್ಲಿತ್ತು. ಅತಿಥಿಗಳು ಕಡಿಮೆಯಾಗಿದ್ದರು. ಬಂಗಲೆ ಕೆಡವಿ ಹೋಟೆಲ್ ಕಟ್ಟುತ್ತೇವೆಂದು ಕಂಪನಿಯೊಂದು ಸಮಿತಿಯ ಬಾಗಿಲು ತಟ್ಟಿತ್ತು. ಆ ವಾರ ಎಂಟು ಮಂದಿ ನಿವೃತ್ತ ನರ್ಸುಗಳು ಬರುವವರಿದ್ದರು. ಅವರು ಮೆಚ್ಚಿದರೆ ಸರಿ, ಇಲ್ಲದಿದ್ದರೆ ಜಾಗ ಕಂಪನಿಗೆ ಎಂದರು ಅಧ್ಯಕ್ಷರು. ಹಿಂದಿನ ದಿನವೇ ಬಿರುಗಾಳಿ ಎದ್ದು ಎರಡು ಬಂಗಲೆಗಳ ಸೂರು ಹಾರಿಹೋಯಿತು.

ದೋಣಿ ದಡ ಮುಟ್ಟಿದಾಗ ಬೀಗರೇ ಬೆಚ್ಚಿದರು. "ಬೀಗಿತ್ತಿ, ಇವರನ್ನ ಹಾಗೇ ವಾಪಸ್ ಕರ್ಕೊಂಡು ಹೋಗ್ಲಾ?"

ಬೀಗದಕ್ಕ ಏನನ್ನೂ ಮುಚ್ಚಿಡದೆ ದೋಣಿಯಲ್ಲಿದ್ದವರ ಕಡೆ ತಿರುಗಿದರು. "ನಾಲ್ಕು ಜನಕ್ಕೆ ಸೂರಿದೆ, ನಾಲ್ಕು ಜನಕ್ಕೆ ಆಕಾಶ ಇದೆ. ನೀವೂ ಕೈ ಹಾಕಿದ್ರೆ ಸಂಜೆಯೊಳಗೆ ಎಲ್ರಿಗೂ ಸೂರು ಮಾಡಬಹುದು," ಎಂದುಬಿಟ್ಟರು.

ಹಿರಿಯ ನರ್ಸಮ್ಮ ಚೀಲ ಕೆಳಗಿಟ್ಟು, "ಸಾವಿರ ಹೊಲಿಗೆ ಹಾಕಿದ ಕೈ ಇದು, ಗರಿ ಹೆಣೆಯೋಕೆ ಬರಲ್ವಾ?" ಎಂದು ಮರಳಲ್ಲೇ ಕೂತರು. ಊರಿನ ಹೆಂಗಸರು ಗರಿ ಹೊತ್ತು ತಂದರು. ಹರಟೆಗೆ ಹರಟೆ, ನಗುವಿಗೆ ನಗು. ಏನಾಗುತ್ತಿದೆಯೆಂದು ನೋಡಲು ಬಂದ ಅಧ್ಯಕ್ಷರ ಕೈಗೂ ಬೀಗದಕ್ಕ ಒಂದು ಗರಿ ಕೊಟ್ಟರು: "ನಿಂತು ನೋಡೋಕೆ ಟಿಕೆಟ್ಟು, ಕೂತು ಹೆಣೆಯೋದು ಪುಕ್ಕಟೆ."

ಕತ್ತಲಾಗುವ ಮೊದಲೇ ಸೂರು ಏರಿತು. ಅಧ್ಯಕ್ಷರು ಹೆಣೆದ ಭಾಗ ಮಾತ್ರ ಸೊಟ್ಟ. ನರ್ಸಮ್ಮಂದಿರು ಮೂರು ದಿನಕ್ಕೆಂದು ಬಂದವರು ಒಂಬತ್ತು ದಿನ ಉಳಿದರು. ಹೋದ ಕಡೆಯೆಲ್ಲ ಹೇಳಿಕೊಂಡರು. ಈಗ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಅತಿಥಿಗಳೂ ಸೇರಿ ಸೂರು ಹೊದಿಸುವ ವಾರಕ್ಕೆ ಜಾಗ ಸಿಗುವುದೇ ಕಷ್ಟ. ಕಂಪನಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಸ್ವತಃ ಅತಿಥಿಯಾಗಿ ಎಲ್ಲಾದರೂ ಉಳಿದಿದ್ದೀರಾ ಎಂದರೆ ಬೀಗದಕ್ಕ ನಾಚುತ್ತಾರೆ. ಮಗಳ ಹೆರಿಗೆಗೆಂದು ಪಟ್ಟಣದ ಆಸ್ಪತ್ರೆಗೆ ಹೋದಾಗ ಒಮ್ಮೆ ಲಾಡ್ಜಿನಲ್ಲಿ ಉಳಿದಿದ್ದರಂತೆ.

"ಬೆಳಿಗ್ಗೆ ಎದ್ದು ಹಾಸಿಗೆ ಸರಿಮಾಡಿ, ರೂಮು ಗುಡಿಸ್ತಿದ್ದೆ. ಮ್ಯಾನೇಜರು ನೋಡಿ, ಇಲ್ಲೇ ಕೆಲಸಕ್ಕೆ ಸೇರ್ತೀರಾ ಅಂದ್ರು. ಇಲ್ಲಪ್ಪ, ನಂಗೆ ನಾಲ್ಕು ಮನೆ ಇವೆ ಅಂದೆ. ನಾಲ್ಕು ಮನೆ ಇರೋರು ಇಲ್ಲಿ ಯಾಕಮ್ಮ ಕಸ ಗುಡಿಸ್ತಿದೀರಿ ಅಂತ ನಕ್ರು."

ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ಅವರು ಮಾತು ಮುಗಿಸುತ್ತಾರೆ:

"ಮನೆ ಇರೋರಿಗೇ ಕಣಪ್ಪ ಕಸ ಕಾಣೋದು, ಅಂದೆ."