ಸಂಡಿಗೆ ಒಣಗುವ ತಂಗುದಾಣ

ಅಥಣಿ ರಸ್ತೆಯ ಈ ಹೊಸ ಬಸ್ ತಂಗುದಾಣಕ್ಕೆ ಗಾಜಿನಂಥ ಪ್ಲಾಸ್ಟಿಕ್ ಮಾಡು, ಸ್ಟೀಲ್ ಬೆಂಚು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ, ಮಧ್ಯಾಹ್ನದ ಬಿಸಿಲೆಲ್ಲ ಒಳಗೇ ಇದೆ. ಜನರೆಲ್ಲ ಆಚೆ ಬೇವಿನ ಮರದ ಕೆಳಗೆ. ನಾನು ಬೆಂಚಿನತ್ತ ಹೋಗುತ್ತಿದ್ದಂತೆ ಮರದಡಿಯಿಂದ ಒಬ್ಬ ಅಕ್ಕ ಕೂಗಿದಳು: "ಅಣ್ಣಾರ, ಕುಂಡ್ರಬ್ಯಾಡ್ರಿ, ಸಂಡಿಗಿ ಅದಾವು!"

ನೋಡಿದರೆ ಬೆಂಚಿನುದ್ದಕ್ಕೂ ಹಳೇ ಸೀರೆ, ಅದರ ಮೇಲೆ ಸಾಬುದಾಣಿ ಸಂಡಿಗೆ.

"ಮ್ಯಾಲೆ ಮಾಡು ಐತಲ್ರಿ, ಕಾಗಿ ಕಾಟ ಇಲ್ಲ. ಒಂದ ದಿನಕ್ಕ ಒಣಗತಾವು" ಎಂದು ನಕ್ಕಳು.

ಅಷ್ಟರಲ್ಲಿ ಬಸ್ಸು ಬಂದು ತಂಗುದಾಣಕ್ಕೆ ಅಡ್ಡವಾಗಿ ನಿಂತಿತು. ಬೆಂಚಿನ ಮೇಲೆ ಕೊನೆಗೂ ನೆರಳು ಬಿತ್ತು. ಅಕ್ಕ ಎದ್ದು ಕೈ ಬೀಸಿದಳು: "ಡ್ರೈವರಣ್ಣಾ, ಗಾಡಿ ಮುಂದಕ್ಕ ತಗೋರಿ, ಸಂಡಿಗಿಗೆ ನೆರಳಾತು!"

ಡ್ರೈವರ ಗಾಡಿಯನ್ನು ಬೇವಿನಡಿಗೆ ತಂದ. ನಾವೆಲ್ಲ ತಂಪಾಗಿ ಹತ್ತಿದೆವು.