ಒಳಮುಖದ ಹೆಜ್ಜೆ

ತುಡಿಯಲೂರಿನ ಗೋಕಿಲಾಳಿಗೆ ಮಲ್ಲಿಗೆ ಮೊಗ್ಗನ್ನು ಬರೀ ಮೊಗ್ಗಾಗಿ ನೋಡಿ ಗೊತ್ತಿಲ್ಲ. ಇದರ ಪಕ್ಕ ಯಾವ ಲೇಸಿನ ಅಂಚು ಹೊಂದೀತು, ಎರಡೂ ಸೇರಿದರೆ ಎಂಥ ಅಚ್ಚಾದೀತು ಎಂದೇ ಅವಳ ಯೋಚನೆ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಆರು ವರ್ಷ ಮಕ್ಕಳ ಅಂಗಿಗೆ ಚಿತ್ರ ಮಾಡಿದವಳು, ಈಗ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮಕ್ಕಳ ಮೊದಲ ವರ್ಷದ ಸ್ಕ್ರ್ಯಾಪ್‌ಬುಕ್ ಮಾಡಿಕೊಡುತ್ತಾಳೆ. ರೆಡಿಮೇಡ್ ಅಲಂಕಾರ ಕಂಡರೆ ಅವಳಿಗಾಗದು. ನಾಲ್ಕಾರು ಫೋಟೋಗಳನ್ನು ಒಂದರ ಮೇಲೊಂದು ಹೊಂದಿಸಿ, ಕಪ್ಪು-ಬಿಳುಪು ಮಾಡಿ, ಒಂದಾಗಿ ಬೆಸೆದು ತನ್ನದೇ ಬ್ರಷ್ ಮಾಡಿಕೊಳ್ಳುತ್ತಾಳೆ. ಹೆಸರಿಗೆ ಬ್ರಷ್, ಕೆಲಸದಲ್ಲಿ ಅಚ್ಚು. ಕಪ್ಪಿದ್ದದ್ದು ಪುಟದ ಮೇಲೆ ಮೂಡುತ್ತದೆ, ಬಿಳಿ ಇದ್ದದ್ದು ಮಾಯ. ಒಮ್ಮೆ ಬೆಸೆದ ಮೇಲೆ ಹೂವನ್ನೂ ಲೇಸನ್ನೂ ಬೇರೆ ಮಾಡಲು ಬ್ರಹ್ಮನಿಂದಲೂ ಆಗದು.

ಅಂಥದ್ದೊಂದು ಬ್ರಷ್‌ನ ಗುಟ್ಟನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ಹುಟ್ಟಿದ ಹೆಣ್ಣು ಕೂಸು ಐದನೆಯ ದಿನಕ್ಕೆ ತೀರಿಕೊಂಡಿತ್ತು. "ತೀಟ್ಟು-ಮೈಲಿಗೆ ಕಳಿಯೋವರ್ಗೂ ಕೂಸ್ನ ಫೋಟೋ ತೆಗೀಬೇಡ ಅಮ್ಮಣಿ, ಕಣ್ಣು ಬೀಳುತ್ತೆ" ಎಂದಿದ್ದರು ಅತ್ತೆ ರಾಮಾತಾಳ್. ಅವಳು ತೆಗೆಯಲಿಲ್ಲ. ಹೆಸರಿಡುವ ದಿನದವರೆಗೂ ಕೂಸು ಉಳಿಯಲಿಲ್ಲ. ಆಸ್ಪತ್ರೆಯ ಕಾಗದದ ಮೇಲೆ ನರ್ಸ್ ಒತ್ತಿದ್ದ ಬಲಗಾಲಿನ ಗುರುತೊಂದಿತ್ತು. ಹಿಮ್ಮಡಿಗೆ ಮಸಿ ಸರಿಯಾಗಿ ತಾಗದೆ ಅಲ್ಲಿ ತುಂಡಾಗಿತ್ತು. ಗೋಕಿಲಾ ಅದರ ಫೋಟೋವನ್ನು ಮಲ್ಲಿಗೆ ಎಸಳುಗಳ ನಡುವೆ ಬೆಸೆದು ಬ್ರಷ್ ಮಾಡಿದಳು. ಆಮೇಲೆ ಮೊಬೈಲು ಕೆಟ್ಟಿತು, ಕಾಗದ ಕಳೆಯಿತು. ಮಗಳ ಗುರುತೆಂದು ಉಳಿದದ್ದು ಆ ಬ್ರಷ್ ಒಂದೇ. ಮಾಡಿದ ಪ್ರತಿ ಪುಸ್ತಕದ ಮೊದಲ ಪುಟದ ಮೂಲೆಯಲ್ಲಿ ಅದನ್ನು ಒಮ್ಮೆ ಒತ್ತುತ್ತಿದ್ದಳು, ಬೆರಳುಗಳು ಪುಟದ ಒಳಮುಖವಾಗಿ. ಹೂವಿನ ನಡುವೆ ಯಾರಿಗೂ ಕಾಣುತ್ತಿರಲಿಲ್ಲ. ಮಗಳು ನಾಲ್ಕು ಮನೆ ನೋಡಲಿ ಎಂಬ ಹುಚ್ಚು ಆಸೆ ಅವಳದು.

ಮೊನ್ನೆ ಮಧ್ಯಾಹ್ನ ಭಾವನಾ ಪುಸ್ತಕ ಹಿಡಿದು ಬಂದಳು. ಮೈಸೂರಿನವಳು, ಈಗ ಹತ್ತಿರದ ಶರವಣಂಪಟ್ಟಿಯಲ್ಲಿ ಇಂಜಿನಿಯರ್. ಮಗಳು ಸೃಷ್ಟಿಗಾಗಿ ಪುಸ್ತಕ ಮಾಡಿಸಿದ್ದಳು.

"ತಪ್ಪು ತಿಳ್ಕೋಬೇಡಿ ಗೋಕಿಲಾ ಅವ್ರೇ. ಸೃಷ್ಟಿ ದಿನಾ ಇದನ್ನ ತೆಗ್ಸಿ 'ಪಾಪು ಬಂತು' ಅಂತಾಳೆ. ಮೊದ್ಲು ಈ ಮೂಲೆ ತೋರಿಸ್ತಿದ್ಲು. ಈಗ ನೀವೇ ನೋಡಿ."

ಮೊದಲ ಪುಟದಲ್ಲಿ ಬಲಗಾಲು. ಎರಡನೆಯದರಲ್ಲಿ ಎಡಗಾಲು. ಮೂರರಲ್ಲಿ ಮತ್ತೆ ಬಲಗಾಲು. ಐದನೆಯ ಪುಟದಲ್ಲಿ ನಗುವ ಸೃಷ್ಟಿಯ ಫೋಟೋಗೆ ಒಂದೇ ಅಂಗುಲ ದೂರದಲ್ಲಿ ಜೋಡಿ ಪಾದ ನಿಂತಿತ್ತು. ಗೋಕಿಲಾ ಕಂಪ್ಯೂಟರಿನಲ್ಲಿ ಮೂಲ ಪುಟಗಳನ್ನು ತೆರೆದಳು. ಅಲ್ಲಿದ್ದದ್ದು ಮೊದಲ ಪುಟದ ಮೂಲೆಯ ಒಂದೇ ಪಾದ.

ಬ್ರಷ್ ಕನ್ನಡಿಯ ಬಿಂಬದಂತೆ ಎಡಬಲ ಮಗುಚಿ ಬಿದ್ದಿರಬೇಕು ಎಂದುಕೊಂಡಳು. ಆದರೆ ಮಗುಚಿದ್ದರೆ ಹಿಮ್ಮಡಿಯೂ ತುಂಡಾಗಿರಬೇಕಿತ್ತು. ಈ ಎಡಗಾಲಿನ ಹಿಮ್ಮಡಿ ದುಂಡಗೆ ತುಂಬಿತ್ತು. ಅದರ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿಕೊಂಡಿತ್ತು. ಐದು ದಿನ ಎಣ್ಣೆ ಹಚ್ಚಿ ನೀವಿದ ಬೆರಳನ್ನು ತಾಯಿ ಮರೆತಾಳೆಯೆ? ಆ ಕಾಲಿಗೆ ಯಾರೂ ಎಂದೂ ಮಸಿ ಹಚ್ಚಿರಲಿಲ್ಲ.

"ನಂಗೆ ಭಯ ಆಗ್ತಿದೆ. ಅದೇನಿದ್ರೂ ಅಳಿಸಿಬಿಡಿ, ದಯವಿಟ್ಟು" ಎಂದಳು ಭಾವನಾ.

ಅಳಿಸಿದರೆ ಮಗಳು ಇನ್ನೊಮ್ಮೆ ಹೋದಂತೆ. ಬಿಟ್ಟರೆ ಬೇರೆಯವರ ಕೂಸಿನ ಕೈ ಹಿಡಿದೀತು. ಗೋಕಿಲಾ ಬ್ರಷ್ ಆರಿಸಿ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

"ಅದು ಯಾರ ಕಾಲು ಅಮ್ಮಣಿ?" ಬಾಗಿಲಲ್ಲಿ ರಾಮಾತಾಳ್ ನಿಂತಿದ್ದರು.

ಗೋಕಿಲಾ ಅಳುತ್ತಲೇ ಎಲ್ಲ ಹೇಳಿದಳು. ಅತ್ತೆ ಪುಟದ ಮೇಲಿನ ಕಿರುಬೆರಳನ್ನು ಸವರಿದರು.

"ಗೋಕುಲಾಷ್ಟಮಿಗೆ ಹೊಸ್ಲಿಂದ ಒಳಕ್ಕೆ ಹೆಜ್ಜೆ ಯಾಕ್ ಬರೀತೀವಿ? ಒಳಗ್ ಬಾ ಅಂತ. ನೀನು ಕೂಸ್ನ ಊರೋರ ಮನೆಗೆಲ್ಲ ಕರ್ದುಬುಟ್ಟೆ. ನಮ್ಮನೆಗೆ ಮಾತ್ರ ಕರೀಲೇ ಇಲ್ಲ." ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಫೋಟೋ ವೇಣಾಂ, ಬೇಡ ಅಂದೋಳು ನಾನು. ಕರಿಯೋಳೂ ನಾನೇ."

ಅಷ್ಟಮಿಗೆ ಇನ್ನೂ ಎರಡು ತಿಂಗಳಿತ್ತು. ಅತ್ತೆ ಅಕ್ಕಿಹಿಟ್ಟು ಕಲಸಿ ತಂದು ಹೊಸ್ತಿಲ ಬಳಿ ಕೂತರು. ಮುಷ್ಟಿಯ ಅಂಚನ್ನು ಹಿಟ್ಟಿನಲ್ಲಿ ಅದ್ದಿ ಒತ್ತುವುದು, ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಡುವುದು. ಹೀಗೆ ಮಂಡಿ ಎಳೆಯುತ್ತ ನಡುಮನೆ ದಾಟಿ ಕಂಪ್ಯೂಟರ್ ಮೇಜಿನ ತನಕ ಬಂದರು. ಭಾವನಾ ಗೋಡೆಗೆ ಅಂಟಿ ನಿಂತಿದ್ದಳು.

"ಗೋಕಿಲಾ ಅವ್ರೇ..." ಎಂದು ಅವಳು ಪುಸ್ತಕದತ್ತ ಬೆರಳು ಮಾಡಿದಳು. ತೆರೆದ ಪುಟದಲ್ಲಿ ಬರೀ ಮಲ್ಲಿಗೆ ಇತ್ತು. ಹಿಂದಿನ ಪುಟಗಳಲ್ಲೂ ಅಷ್ಟೇ.

ಗೋಕಿಲಾ ಪರದೆಯತ್ತ ತಿರುಗಿದಳು. ಬ್ರಷ್‌ನಲ್ಲಿಯೂ ಎಸಳುಗಳ ನಡುವೆ ಪಾದವಿದ್ದ ಜಾಗ ಬಿಳಿಯಾಗಿತ್ತು. ತಲೆ ತಗ್ಗಿಸಿ ನೆಲದತ್ತ ನೋಡಿದಳು. ಅತ್ತೆಯ ಮುಷ್ಟಿ ದೊಡ್ಡದು, ಹೆಜ್ಜೆಗಳೂ ಅಗಲ. ಅವು ಮುಗಿದ ಕಡೆ, ಅವಳ ಕುರ್ಚಿಯ ಕಾಲ ಬಳಿ, ಇನ್ನೊಂದು ಹೆಜ್ಜೆ ಹಸಿಯಾಗಿ ಹೊಳೆಯುತ್ತಿತ್ತು. ಹೆಬ್ಬೆರಳಷ್ಟೇ ಉದ್ದದ್ದು, ಹಿಮ್ಮಡಿ ತುಂಡಾದದ್ದು.

ರಾಮಾತಾಳ್ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ಕೂಸಿಗೆ ಏನ್ ಹೆಸ್ರು ಇಡೋಣ ಅಮ್ಮಣಿ?" ಎಂದರು.